ಒಡಿಯಾ ಬಾರದವರು ಒಡಿಯಾ ರೀಮಿಕ್ಸ್ ಕೇಳುವುದು ಹೇಗೆ?

"ಒಂದೇ ಜಗನ್ನಾಥ ಭಜನೆ ಯೂಟ್ಯೂಬಿನಲ್ಲಿ ಹತ್ತಾರು ಥರ ಸಿಗುತ್ತದೆ. ಭಾಷೆಯೇ ಬಾರದ ನಮಗೆ ಯಾವುದು ಸರಿ, ಯಾವುದು ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?" ಪದೇ ಪದೇ ಬರುವ ಪ್ರಶ್ನೆ ಇದು. ಕನ್ನಡದ ಕಿವಿ ಇದ್ದರೆ ಅರ್ಧ ಕೆಲಸ ಆಯಿತು.

ಸಾಲಬೇಗನ ಜಣಾಣದಿಂದ ಶುರು ಮಾಡಿ. ಜಣಾಣ ಅಂದರೆ ದೇವರ ಮುಂದಿಡುವ ಅಹವಾಲು. 17ನೇ ಶತಮಾನದ ಈ ಮುಸ್ಲಿಂ ಭಕ್ತಕವಿಯ ಸಮಾಧಿ ಪುರಿಯ ರಥಬೀದಿಯಲ್ಲಿದೆ; ಜಗನ್ನಾಥನ ರಥ ಅಲ್ಲಿ ನಿಂತೇ ಮುಂದಕ್ಕೆ ಹೋಗುತ್ತದೆ. ಅವನ ಸಾಲು ಇದು: "ಆಹೇ ನೀಳಶೈಳ ಪ್ರಬಳ ಮತ್ತ ಬಾರಣ, ಮೋ ಆರತ ನಳಿನೀ ಬನಕು ಕರ ದಳನ." ನೀಲಗಿರಿಯೇ, ಮದವೇರಿದ ಆನೆಯೇ, ನನ್ನ ಸಂಕಟದ ತಾವರೆಬನವನ್ನು ತುಳಿದುಹಾಕು ಎಂಬ ಮೊರೆ. ಆನೆ ಎಂಬ ಅರ್ಥದ 'ಬಾರಣ' ನಮ್ಮ ಹಳೆಯ ಕಾವ್ಯಗಳ 'ವಾರಣ'ವೇ.

ಈಗ ಎಣಿಸಿ: ಎರಡು ಸಾಲಿನಲ್ಲಿ ಐದು ಳಕಾರ. ಹಿಂದಿಯ ನಾಲಿಗೆಗೆ ಸಿಕ್ಕರೆ ಐದೂ ಲಕಾರವಾಗುತ್ತವೆ. ಇನ್ನೊಂದು, ಪದದ ಕೊನೆಯ ಸ್ವರ. ಕನ್ನಡದ ಹಾಗೆ ಒಡಿಯಾದಲ್ಲೂ ಅದನ್ನು ಪೂರ್ತಿ ಉಚ್ಚರಿಸಬೇಕು (ಅವರ ಅಕಾರ ನಮ್ಮ ಕಿವಿಗೆ ಒಕಾರದಂತೆ ಕೇಳಿಸುತ್ತದೆ). 'ಬಾರಣ್', 'ದಳನ್' ಎಂದು ನಿಲ್ಲಿಸಿದರೆ ಸಾಲಿಗೆ ಒಂದು ಅಕ್ಷರ ಖೋತಾ. ಆ ಖಾಲಿ ಜಾಗ ತುಂಬಲು ಗಾಯಕರು ಹಿಂದಿನ ಸ್ವರವನ್ನು ಎಳೆಯುತ್ತಾರೆ. ಮೊರೆಯಿಡುವ ದನಿ ರಾಗ ಎಳೆಯುವ ದನಿಯಾಗಿಬಿಡುತ್ತದೆ. ಒಡಿಯಾ ಭಜನೆಗಳ ಹೆಸರಾಂತ ಗಾಯಕ ಭಿಕಾರಿ ಬಳ ಅವರ ಧ್ವನಿಮುದ್ರಣವನ್ನು ಮೊದಲು ಕೇಳಿ, ಆಮೇಲೆ ರೀಮಿಕ್ಸ್ ಹಾಕಿ. ಎರಡು ನಿಮಿಷ ಸಾಕು.

ತಾಳದ ತೊಂದರೆ ಬೇರೆ. ಒಡಿಶಿ ಎಂಬ ಒಡಿಶಾದ ಶಾಸ್ತ್ರೀಯ ಸಂಗೀತದಲ್ಲಿ ಮದ್ದಳೆಯಂಥ ಮರ್ದಳ, ಗಿನಿ ಎಂಬ ಪುಟ್ಟ ಕೈತಾಳದ ಜೊತೆ ಹಾಡುವಾಗ ತ್ರಿಪುಟದಂಥ 7 ಮಾತ್ರೆಯ ತಾಳವೂ ಬರುತ್ತದೆ. ಅದನ್ನು ರೀಮಿಕ್ಸಿನಲ್ಲಿ ಮತ್ತೆ ಮತ್ತೆ ಸುತ್ತುವ 4 ಮಾತ್ರೆಯ ಲೂಪಿಗೆ ಕೂರಿಸಲು ಹೋದರೆ ಒಂದು ಮಾತ್ರೆ ಎಲ್ಲಿಂದಲೋ ತರಬೇಕು, ಪದದ ನಡು ಮುರಿಯುತ್ತದೆ.

ಆದರೆ ಇದೇ ಅಳತೆಗೋಲು ಹಿಡಿದು 'ರಂಗಬತಿ' ಕೇಳಬೇಡಿ. ಅದು ಪಶ್ಚಿಮ ಒಡಿಶಾದ ಸಂಬಲ್ಪುರಿ ನುಡಿಯ ಹಾಡು. ಅಲ್ಲಿ ಪದದ ಕೊನೆಯ ಅಕಾರ ಬೀಳುವುದೇ ಸರಿ, ಳ ಲ ಆಗುವುದೂ ಸರಿ. ಕರಾವಳಿ ಕಡೆಯ ಕಟಕ್‌ನ ಉಚ್ಚಾರದಲ್ಲಿ ಹಾಡಿದರೇ ತಪ್ಪು. ಇಲ್ಲಿ ಕಿವಿಗೊಡಬೇಕಾದದ್ದು ವಾದ್ಯಗಳಿಗೆ: ಢೋಲ್, ತಾಸಾ, ಓಲಗದ ಜಾತಿಯ ಮುಹುರಿ, ಮತ್ತು ನಿಸಾನ್ ಎಂಬ ದೊಡ್ಡ ನಗಾರಿ. ನಿಸಾನ್‌ನ ಗುಮ್ಮೆನ್ನುವ ಸದ್ದೂ ರೀಮಿಕ್ಸಿನಲ್ಲಿ ದಪ್ಪಗೆ ಬಡಿಯುವ ಕಿಕ್ ಡ್ರಮ್ಮೂ ಒಂದೇ ಕೆಳಸ್ತರದಲ್ಲಿ ಕೂರುತ್ತವೆ. ಎರಡನ್ನೂ ಇಟ್ಟರೆ ಸದ್ದೆಲ್ಲ ಕಲಸಿ ಕೆಸರು. ಹೆಚ್ಚಿನವರು ನಿಸಾನ್ ತೆಗೆಯುತ್ತಾರೆ, ಆಗ ಉಳಿಯುವುದು ಯಾವ ಊರಿನದೂ ಅಲ್ಲದ ಡಿಜೆ ಸದ್ದು. ತೆಗೆಯಬೇಕಾದದ್ದು ಕಿಕ್ ಡ್ರಮ್ಮನ್ನು.

'ರಂಗಬತಿ' ಜನಪದ ಎಂದು ಬರೆದಿದ್ದರೆ ಅದೂ ತಪ್ಪು. ಬರೆದವರು ಮಿತ್ರಭಾನು ಗೌಂಟಿಯಾ, ರಾಗ ಹಾಕಿದವರು ಪ್ರಭುದತ್ತ ಪ್ರಧಾನ್, 1970ರ ದಶಕದಲ್ಲಿ ಹಾಡಿದವರು ಜಿತೇಂದ್ರ ಹರಿಪಾಲ್, ಕೃಷ್ಣಾ ಪಟೇಲ್. ಹರಿಪಾಲ್ ಅವರಿಗೆ 2017ರಲ್ಲಿ, ಗೌಂಟಿಯಾ ಅವರಿಗೆ 2020ರಲ್ಲಿ, ಪಟೇಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ರೀಮಿಕ್ಸ್ ಒತ್ತುವ ಮೊದಲು ಕೆಳಗಿನ ವಿವರದಲ್ಲಿ ಈ ನಾಲ್ಕು ಹೆಸರು ಇವೆಯೇ ನೋಡಿ.