ಯಾರ ಮನೆ ಮದುವೆ?

"ಯಾರ್ ಮನೆ ಮದ್ವೆ ಇಲ್ಲಿ?"

ಭಾನುವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ರೈಲು ಹಳಿಯ ಕೆಳಗಿನ ಅಂಡರ್‌ಪಾಸ್‌ಗೆ ಬಣ್ಣ ಹೊಡೆಯುತ್ತಿದ್ದೆವು. ಎಲೆಅಡಿಕೆ ಕಲೆ, ಹಳೇ ಪೋಸ್ಟರ್ ಕೆರೆದು ತೆಗೆಯುವುದಕ್ಕೇ ಎರಡು ಭಾನುವಾರ ಹೋಗಿತ್ತು. ಈ ಸಲ ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿಯಲ್ಲಿ ಹಸೆ ಚಿತ್ತಾರ. ಕಾಲೇಜು ಹುಡುಗರು ಮೊಬೈಲ್ ನೋಡಿಕೊಂಡು, ಟೇಪ್ ಅಂಟಿಸಿ ಬಿಡಿಸುತ್ತಿದ್ದರು. ಕೈಚೀಲ ಹಿಡಿದು ಬಂದ ವಯಸ್ಸಾದ ಹೆಂಗಸೊಬ್ಬರು ಅಲ್ಲೇ ನಿಂತುಬಿಟ್ಟರು.

"ಯಾರದ್ದೂ ಅಲ್ಲ ಅಜ್ಜಿ, ಸುಮ್ನೆ, ಚೆಂದ ಕಾಣ್ಲಿ ಅಂತ."

"ಹಸೆನ ಸುಮ್ನೆ ಬರೀತಾರಾ ತಮಾ?"

ಅವರು ಆಕ್ಷೇಪಿಸಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದರು. ಅವರ ಊರು ಸಾಗರದ ಕಡೆ. ಅಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಚಿತ್ತಾರ ಬರೆದ ಹಸೆಗೋಡೆಯ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ, ಹೆಂಗಸರು ಹಾಡು ಹೇಳುತ್ತಾ ಚಿತ್ತಾರ ಬರೆಯುತ್ತಾರೆ. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ಕುಂಚ. ಇಷ್ಟೂ ನನಗೆ ಗೊತ್ತಿತ್ತು, ಹುಡುಗರಿಗೆ ಹೇಳಿಯೂ ಇದ್ದೆ. ಮದುವೆ ಯಾರದ್ದು ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.

ಅವರು ಗೋಡೆ ಮುಟ್ಟಲು ಕೈ ಚಾಚಿದಾಗ ನಮ್ಮ ಗುಂಪಿನವನೊಬ್ಬ "ಹಸಿ ಇದೆ, ಮುಟ್ಬೇಡಿ" ಎಂದು ಗದರಿದ. ಒಳ್ಳೆಯ ಕೆಲಸಗಾರ, ಆದರೆ ಹಿರಿಯರ ಹತ್ತಿರ ಆ ದನಿ ನನಗೆ ಸಹಿಸಲಾಗುವುದಿಲ್ಲ. ಬಣ್ಣದ ಡಬ್ಬ ಕೊಡಿಸಿ, ಅಂಡರ್‌ಪಾಸ್‌ನ ಬಾಯಲ್ಲೇ ಆಳೆತ್ತರದ ಅಕ್ಷರದಲ್ಲಿ ತಮ್ಮ ಹೆಸರು ಬೇಕೆಂದವರ ಬಗ್ಗೆ ಇನ್ನೂ ಹೆಚ್ಚು ಸಿಟ್ಟಿದೆ.

ನಾನೇ ಕುಂಚ ಕೊಟ್ಟೆ. ಮೊದಲು ಬೇಡ ಎಂದರು. ಆಮೇಲೆ ಚೀಲ ಕೆಳಗಿಟ್ಟು, ಜೋಗಿ ಜಡೆ ಎಂಬ ವಿನ್ಯಾಸದ ಪಕ್ಕ ತುಂಡಾಗಿ ಬಿಟ್ಟಿದ್ದ ಗೆರೆ ತೋರಿಸಿ "ಎಳೆ ಕೂಡ್ಬೇಕು" ಎಂದರು. ಟೇಪಿಲ್ಲ, ಸ್ಕೇಲಿಲ್ಲ. ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಉಸಿರು ಬಿಗಿಹಿಡಿದು ಒಂದು ಮೊಳದ ಗೆರೆ ಎಳೆದರು. ಒಳಗಿನ ಬಲ್ಬ್ ಕೆಟ್ಟು ತಿಂಗಳಾಗಿದ್ದರಿಂದ ಹುಡುಗರು ಮೊಬೈಲ್ ಟಾರ್ಚ್ ಹಿಡಿದರು.

ಮಳೆಗಾಲದ ನೀರು ಇನ್ನೂ ಕಾಂಕ್ರೀಟಿನೊಳಗಿಂದ ಜಿನುಗುತ್ತಿದೆ, ಕೆಳಗಿನ ಎರಡಡಿ ಬಣ್ಣ ಉಬ್ಬಿ ಉದುರುವುದು ಖಂಡಿತ. ಅದನ್ನು ಹೇಳಿದೆ. "ಉದ್ರಿದ್ರೆ ಇನ್ನೊಂದ್ಸಲ ಬರಿಯಾದು, ಮದ್ವಿ ಒಂದೇ ಆಗ್ತದಾ ಮನೇಲಿ?" ಎಂದರು. ಒಂದು ಸಲ ಬಳಿದರೆ ಹತ್ತು ವರ್ಷ ಇರಬೇಕು ಎಂದು ನಾವು ಪ್ರೈಮರ್‌ ದರ ವಿಚಾರಿಸುತ್ತಿದ್ದೆವು. ಮತ್ತೆ ಮತ್ತೆ ಬರೆಯಲು ಜನ ಇರಬೇಕು ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಯಾರ ಮನೆ ಮದುವೆ? ಸಂಜೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಇಲ್ಲಿ ಚೀಲ ಎದೆಗವಚಿಕೊಂಡು ಓಡುತ್ತಾರೆ. ಈ ಗೋಡೆ ಅವರಿಗಾಗಿ ಎಂದಾದರೆ ಮೊದಲು ಬರಬೇಕಾದ್ದು ಚಿತ್ತಾರವಲ್ಲ, ಬೆಳಕು. ಸೋಮವಾರ ಬಲ್ಬಿಗೆ ಅರ್ಜಿ ಬರೆದು ಕೊಟ್ಟು ಬಂದೆ.

ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂತು, ಮನೆಯಲ್ಲಿ ಪೂಜೆಯ ಬುಟ್ಟಿಗೆ ಚಿತ್ತಾರ ಬರೆಯುವುದಿದೆ ಎಂದು ಅಜ್ಜಿ ಸಾಗರದ ಬಸ್ಸಿಗೆ ಹೊರಟರು. ಹಬ್ಬ ಕಳೆದು ಮಗಳ ಮನೆಗೆ ಬಂದಾಗ ಈ ಕಡೆ ಬರುತ್ತಾರಂತೆ. ಅವರ ಎಳೆಯ ಮುಂದಿನ ಜಾಗಕ್ಕೆ ಕೆಮ್ಮಣ್ಣಿನ ಬಣ್ಣವಷ್ಟೇ ಬಳಿದು ಬಿಟ್ಟಿದ್ದೇವೆ.