ರಾಜಾ ಅಲ್ಲ, ರಾಣಿ

ಮೂರು ತಿಂಗಳಿಂದ ಒಂದು ಹೆಣ್ಣು ಮೀನನ್ನು 'ರಾಜಾ' ಅಂತ ಕರೀತಾ ಇದ್ದೆ.

ಇಲ್ಲೇ ವಿಜಯಪುರದ ಅಂಗಡಿಯೊಂದರಿಂದ ಕ್ರಿಬೆನ್ಸಿಸ್ ಅನ್ನೋ ಅಕ್ವೇರಿಯಂ ಮೀನಿನ ಜೋಡಿ ತಂದಿದ್ದೆ. "ಇದ್ರಾಗ ಗಂಡು ಯಾವ್ದ್ರಿ?" ಅಂದಾಗ ಅಂಗಡಿಯವರು ಬಣ್ಣ ಜಾಸ್ತಿ ಇದ್ದದ್ದನ್ನು ತೋರಿಸಿದರು. ನಾನೂ ನಂಬಿದೆ. ನವಿಲು, ಹುಂಜ, ಗಪ್ಪಿ, ಎಲ್ಲದರಲ್ಲೂ ಮೆರೆಯೋದು ಗಂಡೇ ಅಲ್ವಾ?

ಸಿಕ್ಲಿಡ್ ಕುಟುಂಬಕ್ಕೆ ಸೇರಿದ, ಪಶ್ಚಿಮ ಆಫ್ರಿಕಾದ ಈ ಕುಳ್ಳ ಮೀನಿನಲ್ಲಿ ಲೆಕ್ಕ ಉಲ್ಟಾ. ಹೆಣ್ಣು ಚಿಕ್ಕದು, 7 ಸೆಂ.ಮೀ. ಆಸುಪಾಸು. ಆದರೆ ಆ ದುಂಡು ಹೊಟ್ಟೆ ನೋಡಬೇಕು, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ! ಗಂಡು 10 ಸೆಂ.ಮೀ.ವರೆಗೆ ಬೆಳೆಯುತ್ತದೆ, ಮೈ ಉದ್ದ, ಬೆನ್ನಿನ ರೆಕ್ಕೆಯ ಹಿಂತುದಿ ಚೂಪು.

ನಿನ್ನೆ ಬೆಳಿಗ್ಗೆ ರಾಜಾ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಹೊಟ್ಟೆ ತೋರಿಸುತ್ತಾ, ಆ ಸಪ್ಪೆ ಮೀನಿನ ಮುಂದೆ ಗಡಗಡ ನಡುಗಿತು. ಆಮೇಲೆ ಬೋರಲು ಹಾಕಿದ್ದ ತೆಂಗಿನ ಚಿಪ್ಪಿನೊಳಗೆ ನುಗ್ಗಿ, ಬಾಯಿ ತುಂಬ ಮರಳು ತಂದು ಹೊರಗೆ ಉಗುಳಿತು. ಅವ್ವ ನೋಡಿ, "ಕಸಾ ಹೊಡ್ಯಾಕತ್ತೈತಿ, ಹೆಣ್ಣ ಇರಬೇಕು ಬಿಡು" ಅಂದಳು. ಮರಳು ತೋಡೋ ಕೆಲಸ ಗಂಡೂ ಮಾಡುತ್ತದೆ. ಅವ್ವನ ಹತ್ತಿರ ವಾದ ಯಾಕೆ ಅಂತ ಸುಮ್ನಾದೆ.

ಇನ್ನೊಂದು ಮಜಾ ಇದೆ. ಈ ಮೀನಿನ ಮರಿಗಳು ಗಂಡೋ ಹೆಣ್ಣೋ ಅನ್ನೋದರಲ್ಲಿ ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್‌ ಕೈಯೂ ಇದೆ. ಆಮ್ಲ ಜಾಸ್ತಿ ಇದ್ದರೆ ಗಂಡು ಜಾಸ್ತಿ. ನಮ್ಮ ಬೋರ್ ನೀರೋ, ಬಕೆಟ್‌ಗೆ ಬಿಳಿ ಕಲೆ ಹಿಡಿಸುವಂಥದ್ದು, ಆಮ್ಲ ಕಮ್ಮಿಯೇ ಇರಬೇಕು. ಮರಿಯಾದರೆ ಟ್ಯಾಂಕ್ ತುಂಬ ಹೆಣ್ಣುಮಕ್ಕಳೇ ಇರಬಹುದೇನೋ.

ಹೆಸರು ಇನ್ನೂ ಬದಲಿಸಿಲ್ಲ. ಅದು ಓಡಿ ಬರೋದು ಹೆಸರಿಗಲ್ಲ, ಊಟದ ಡಬ್ಬಿ ಸದ್ದಿಗೆ.