ಬಾಳೆನಾರಿನ ಹಲಗೆಗೆ ನೀರೇ ಶತ್ರು

ಬಾಳೆನಾರನ್ನು ಪ್ಲಾಸ್ಟಿಕ್ ಅಥವಾ ರೆಸಿನ್ (ಗಟ್ಟಿಯಾಗುವ ಅಂಟು) ಜೊತೆ ಕೂಡಿಸಿ ಕಾಂಪೋಸಿಟ್ ಹಲಗೆ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಗ್ಲಾಸ್ ಫೈಬರಿನಷ್ಟು ಗಟ್ಟಿ ಇರುತ್ತಾ?" ಇರಲ್ಲ. ಆದರೆ ನನ್ನ ತಲೆನೋವು ಅದಲ್ಲ, ನೀರು.

ಗೊನೆ ಕಡಿದ ಮೇಲೆ ಬಾಳೆಯ ಆ ಕಾಂಡ ಮತ್ತೆ ಗೊನೆ ಬಿಡುವುದಿಲ್ಲ. ಅದರ ಪಟ್ಟೆಗಳನ್ನು ಕೆರೆದರೆ ಉದ್ದನೆಯ, ಹೊಳೆಯುವ ನಾರು ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೆಲ್ಯುಲೋಸ್. ಸೆಲ್ಯುಲೋಸಿನ ತುಂಬಾ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು. ಅವು ಗಾಳಿಯಲ್ಲಿರುವ ತೇವವನ್ನೂ ಬಿಡದೆ ಹಿಡಿದುಕೊಳ್ಳುತ್ತವೆ. ಮುಟ್ಟಿದರೆ ಒಣಗಿದೆ ಅನ್ನಿಸುವ ನಾರಿನ ತೂಕದಲ್ಲೂ ನೂರಕ್ಕೆ 10ರಷ್ಟು ನೀರೇ ಇರಬಹುದು. ಇತ್ತ ಹಲಗೆಗೆ ಬಳಸುವ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿಗೆ ನೀರು ಕಂಡರಾಗದು. ಎರಡನ್ನೂ ಸುಮ್ನೆ ಬೆರೆಸಿದರೆ ಹೇಗೆ ಅಂಟೀತು? ಮುರಿದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಥೆ ಗೊತ್ತಾಗುತ್ತದೆ. ನಾರು ತುಂಡಾಗಿರುವುದಿಲ್ಲ, ಸಲೀಸಾಗಿ ಕಿತ್ತು ಬಂದಿರುತ್ತದೆ. ಅದು ಇದ್ದ ಜಾಗದಲ್ಲಿ ಖಾಲಿ ತೂತು. ಅಂದರೆ ಭಾರ ಹೊರುವ ಕೆಲಸ ನಾರಿನವರೆಗೆ ಹೋಗಲೇ ಇಲ್ಲ.

ಅದಕ್ಕೇ ಮೊದಲು ಕಾಸ್ಟಿಕ್ ಸೋಡಾ ಸ್ನಾನ. ಸಾಮಾನ್ಯವಾಗಿ 5% ದ್ರಾವಣ. ಮೇಲಿನ ಮೇಣ, ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್ (ಎರಡೂ ನಾರಿನ ಎಳೆಗಳನ್ನು ಬೆಸೆದಿಡುವ ವಸ್ತುಗಳು) ಹೋಗಿ ನಾರಿನ ಮೈ ಒರಟಾಗುತ್ತದೆ. ರೆಸಿನ್‌ಗೆ ಹಿಡಿತ ಸಿಗುತ್ತದೆ. ಹಾಗಂತ ಸೋಡಾ ಜಾಸ್ತಿ ಮಾಡಿದರೆ ನಾರೇ ಸೊರಗುತ್ತದೆ. ಇನ್ನೊಂದು ಮಾತು: ತೊಳೆದ ಆ ಕ್ಷಾರದ ನೀರನ್ನು ಆಮ್ಲ ಹಾಕಿ ಶಮನ ಮಾಡದೆ ಚೆಲ್ಲುವಂತಿಲ್ಲ. "ಪರಿಸರಸ್ನೇಹಿ" ಅಂತ ದಪ್ಪಕ್ಷರದಲ್ಲಿ ಬರೆಯುವವರು ಈ ಬಕೆಟ್ಟಿನ ಫೋಟೊ ಮಾತ್ರ ಹಾಕುವುದಿಲ್ಲ ನೋಡಿ! ಪಾಲಿಪ್ರೊಪಿಲೀನ್ ಆದರೆ ಮಲೇಯಿಕ್ ಅನ್‌ಹೈಡ್ರೈಡ್ ಅನ್ನುವ ರಾಸಾಯನಿಕ ಕೂಡಿಸಿದ ಪಾಲಿಪ್ರೊಪಿಲೀನನ್ನೂ ಸ್ವಲ್ಪ ಸೇರಿಸುತ್ತೇನೆ. ಅದು ಒಂದು ಕೈಯಲ್ಲಿ ನಾರನ್ನು, ಇನ್ನೊಂದರಲ್ಲಿ ಪ್ಲಾಸ್ಟಿಕ್ಕನ್ನು ಹಿಡಿಯುವ ದಲ್ಲಾಳಿ ಇದ್ದಂತೆ.

ಆಮೇಲೆ ಒಣಗಿಸುವುದು. ತೂಕ ಇಳಿಯುವುದು ನಿಲ್ಲುವ ತನಕ ಓವನ್ನಿನಲ್ಲಿಡಬೇಕು. ತೇವ ಉಳಿದರೆ ಅಚ್ಚಿನ ಬಿಸಿಗೆ ಆವಿಯಾಗಿ ಹಲಗೆಯೊಳಗೆ ಗುಳ್ಳೆ ಏಳುತ್ತದೆ. ಬಿಸಿಗೂ ಮಿತಿಯಿದೆ. 200 ಡಿಗ್ರಿ ದಾಟಿದರೆ ನಾರು ಕಂದಿ ಹಾಳಾಗತೊಡಗುತ್ತದೆ. ಸುಮಾರು 165 ಡಿಗ್ರಿಗೆ ಕರಗುವ ಪಾಲಿಪ್ರೊಪಿಲೀನ್ ಸರಿ. 260ರ ಆಸುಪಾಸಿನಲ್ಲಿ ಕರಗುವ ನೈಲಾನ್ 66 ಆಗುವುದಿಲ್ಲ.

ತೆಂಗಿನ ನಾರಿನ ಸ್ವಭಾವ ಬೇರೆ. ಅದರಲ್ಲಿ ಲಿಗ್ನಿನ್ ಜಾಸ್ತಿ. ಒಳಗಿನ ಸೂಕ್ಷ್ಮ ಎಳೆಗಳೂ ಓರೆಯಾಗಿ ಸುತ್ತಿಕೊಂಡಿರುತ್ತವೆ. ಹಾಗಾಗಿ ಎಳೆದರೆ ತುಂಬಾ ಹಿಗ್ಗಿ ಆಮೇಲೆ ಹರಿಯುತ್ತದೆ. ಬಿಗಿ ಬೇಕಾದಲ್ಲಿ ನಾನು ಬಾಳೆ ಹಾಕುತ್ತೇನೆ, ಪೆಟ್ಟು ತಡೆಯಬೇಕಾದಲ್ಲಿ ತೆಂಗು.

ತೂಕದ ವಿಷಯದಲ್ಲಿ ಮಾತ್ರ ಗಿಡದ ನಾರೇ ಗೆಲ್ಲುತ್ತದೆ. ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.5 ಗ್ರಾಂ ಇದ್ದರೆ ಇವುಗಳದ್ದು ಹೆಚ್ಚಿನಂಶ 1.2ರಿಂದ 1.5. ಇದೇನು ಹೊಸ ಹುಚ್ಚೂ ಅಲ್ಲ. ಪೂರ್ವ ಜರ್ಮನಿಯಲ್ಲಿ 1957ರಿಂದ ತಯಾರಾದ ಟ್ರಬಾಂಟ್ ಕಾರಿನ ಹೊರಮೈಗೆ ಹತ್ತಿಯ ತ್ಯಾಜ್ಯ ನಾರು ಮತ್ತು ಫಿನಾಲಿಕ್ ರೆಸಿನ್ ಬಳಸುತ್ತಿದ್ದರು. ಆ ಕಾರಿನ ಬಗ್ಗೆ ಜೋಕುಗಳು ಬೇಕಾದಷ್ಟಿವೆ. ಆದರೆ ಆ ಹೊರಮೈ ತುಕ್ಕು ಹಿಡಿಯುತ್ತಿರಲಿಲ್ಲ, ಅಲ್ವಾ?

ಇಷ್ಟೆಲ್ಲ ಮಾಡಿದ ಮೇಲೂ ನೀರು ಸೋಲುವುದಿಲ್ಲ. ಹಲಗೆಯನ್ನು ಗರಗಸದಲ್ಲಿ ಕೊಯ್ದರೆ ನಾರಿನ ತುದಿಗಳು ತೆರೆದುಕೊಳ್ಳುತ್ತವೆ. ನಾರಿನ ಒಳಗೆ ಕೊಳವೆಯಂಥ ಟೊಳ್ಳಿರುತ್ತದೆ, ನೀರು ಅಲ್ಲಿಂದ ನುಗ್ಗುತ್ತದೆ. ಅದಕ್ಕೆ ಕೊಯ್ದ ಅಂಚಿಗೆಲ್ಲ ಮತ್ತೆ ರೆಸಿನ್ ಬಳಿಯುತ್ತೇನೆ. ಯಾರಾದರೂ ಹಲಗೆ ಬೇಕು ಅಂದರೆ ನನ್ನ ಮೊದಲ ಪ್ರಶ್ನೆ, ಒಳಗೆ ಹಾಕ್ತೀರೋ, ಮಳೆಗೆ ಒಡ್ತೀರೋ? ಮಳೆಗೆ ಅಂದರೆ ಗ್ಲಾಸ್ ಫೈಬರೇ ತಗೊಳ್ಳಿ ಅಂದುಬಿಡುತ್ತೇನೆ.